ಮನೆಗೇ ಬಂದ ಕೆಲಸ

ಸ್ವಂತ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವವನಿಗೆ ಒಂದು ದೊಡ್ಡ ತೊಂದರೆ ಇದೆ. ಅದನ್ನು ಹೇಳಿಕೊಳ್ಳಲು ಅವನಿಗೆ ಯಾರೂ ಇರುವುದಿಲ್ಲ. ಆಫೀಸಿನ ಯಾವನ ಮೇಲಾದರೂ ಹೊಟ್ಟೆ ಉರಿದರೆ ಸಂಜೆ ಮನೆಗೆ ಬಂದು, ಹೆಂಡತಿಯ ಮುಂದೆ ಅವನಿಗೆ ನಾಲ್ಕು ಬೈದು, ಊಟ ಮಾಡಿ ನೆಮ್ಮದಿಯಾಗಿ ಮಲಗಬಹುದು. ನನಗೆ ಆ ಸೌಕರ್ಯ ಇರಲಿಲ್ಲ. ನನ್ನ ಹೊಟ್ಟೆ ಉರಿಸಿದವಳು ನನಗೇ ಅನ್ನ ಬಡಿಸುತ್ತಿದ್ದಳು, ಸಾರು ಇನ್ನಷ್ಟು ಬೇಕಾ ಎಂದು ಕೇಳುತ್ತಿದ್ದಳು.

ನಾವಿಬ್ಬರೂ ಮೆಕ್ಯಾನಿಕಲ್ ಎಂಜಿನಿಯರುಗಳು. ಒಂದೇ ಕಾಲೇಜಿನಲ್ಲಿ ಓದಿದವರು, ಅವಳು ನನಗಿಂತ ಚಿಕ್ಕವಳು. ಮನೆ ಶಿವಮೊಗ್ಗದ ವಿದ್ಯಾನಗರದಲ್ಲಿ, ಮಹಡಿಯ ಮೇಲಿನ ಬಾಡಿಗೆ ಮನೆ. ನಾನು, ಅವಳು, ಶಾಲೆಗೆ ಹೋಗುವ ಮಗಳು, ನನ್ನ ಅಮ್ಮ. ನಾನು ಸಾಗರ ರಸ್ತೆಯ ಕಡೆ ಒಂದು ಸಣ್ಣ ಫೌಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಕಬ್ಬಿಣ ಕರಗಿಸಿ, ಮರಳಿನ ಅಚ್ಚಿಗೆ ಸುರಿದು, ಗಾಡಿಗಳ ಬಿಡಿಭಾಗ ಮಾಡುವ ಜಾಗ. ನನ್ನದು ಕ್ವಾಲಿಟಿ ವಿಭಾಗ. ಕ್ವಾಲಿಟಿ ಎಂದರೆ ಆಗಿಹೋದದ್ದನ್ನು ನೋಡುವ ಕೆಲಸ. ಎರಕದಲ್ಲಿ ತೂತು ಬಿದ್ದಿದ್ದರೆ ಅದರ ಮೇಲೆ ಕೆಂಪು ಬಣ್ಣದ ಗುರುತು ಹಾಕಿ, ಮತ್ತೆ ಕರಗಿಸಲು ಕಳಿಸಬೇಕು. ವರ್ಷಗಟ್ಟಲೆ ಕೆಂಪು ಗುರುತು ಹಾಕಿ ಹಾಕಿ ನನಗೆ ಸಾಕಾಗಿತ್ತು.

ನನಗೆ ಬೇಕಾಗಿದ್ದದ್ದು ಆಗುವ ಮೊದಲೇ ನೋಡುವ ಕೆಲಸ. ಅದಕ್ಕೆ ಮೆಥಡ್ಸ್ ಎಂಜಿನಿಯರ್ ಎನ್ನುತ್ತಾರೆ. ಕರಗಿದ ಕಬ್ಬಿಣ ಅಚ್ಚಿನೊಳಗೆ ಯಾವ ಕಡೆಯಿಂದ ಇಳಿಯಬೇಕು, ಅದರ ದಾರಿ ಎಷ್ಟು ಅಗಲ ಇರಬೇಕು, ಎಲ್ಲಿ ಮೊದಲು ಆರಬೇಕು, ಎಲ್ಲಿ ಕೊನೆಗೆ ಆರಬೇಕು, ಇದನ್ನೆಲ್ಲ ಕೂತು ಲೆಕ್ಕ ಹಾಕುವವನು ಅವನು. ನಮ್ಮ ಫೌಂಡ್ರಿಯಲ್ಲಿ ಅಂಥ ಹುದ್ದೆಯೇ ಇಲ್ಲ; ಮಾಲೀಕರು ಯಾರಿಗೋ ಫೋನ್ ಮಾಡಿ ಕೇಳಿ ಮುಗಿಸುತ್ತಾರೆ. ಆದರೆ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಒಂದು ದೊಡ್ಡ ಕಂಪನಿ ಇದೆ. ಅಲ್ಲಿ ಕಬ್ಬಿಣ ಹರಿಯುವುದನ್ನು ಸುರಿಯುವ ಮೊದಲೇ ಕಂಪ್ಯೂಟರಿನ ಪರದೆಯ ಮೇಲೆ ಬಣ್ಣಬಣ್ಣವಾಗಿ ನೋಡುತ್ತಾರೆ. ನಾನು ಅಂಥದ್ದನ್ನು ಫೋನಿನ ವೀಡಿಯೊಗಳಲ್ಲಷ್ಟೇ ನೋಡಿದ್ದೆ. ಬೇರೆಯವರು ಕ್ರಿಕೆಟ್ ನೋಡುವ ಹಾಗೆ ನಾನು ಅದನ್ನು ನೋಡುತ್ತಿದ್ದೆ. ಮಾವನ ಮನೆಗೆಂದು ಭದ್ರಾವತಿಗೆ ಹೋಗುವಾಗಲೆಲ್ಲ ಆ ಕಂಪನಿಯ ಕಾಂಪೌಂಡ್ ಬಂದ ಕೂಡಲೇ ಸ್ಕೂಟರ್ ತಂತಾನೇ ನಿಧಾನ ಆಗುತ್ತಿತ್ತು.

ಆ ಕಂಪನಿ ಮೆಥಡ್ಸ್ ಎಂಜಿನಿಯರ್ ಬೇಕು ಎಂದು ಜಾಹೀರಾತು ಹಾಕಿತು. ಒಂದೇ ಹುದ್ದೆ. ನನ್ನ ಅರ್ಜಿಯನ್ನು ಅವತ್ತೇ ಕಳಿಸಿದೆ. ಮಾರನೆಯ ದಿನ ಏನೋ ಉದಾರ ಬುದ್ಧಿ ಬಂದು ಹೆಂಡತಿಗೂ ಹೇಳಿದೆ, ನೀನೂ ಒಂದು ಹಾಕು ಎಂದು. ಅವಳು ಮದುವೆಗೆ ಮುಂಚೆ, ಆಮೇಲೂ ಸ್ವಲ್ಪ ದಿನ, ಇಂಥದ್ದೇ ಒಂದು ಕಡೆ ಡಿಸೈನಿನಲ್ಲಿದ್ದಳು. ಮಗಳು ಹುಟ್ಟಿದ ಮೇಲೆ ಬಿಟ್ಟಳು. ಈಗ ಮನೆಯಲ್ಲೇ ಡಿಪ್ಲೊಮಾ ಹುಡುಗರಿಗೆ ಡ್ರಾಯಿಂಗ್ ಹೇಳಿಕೊಡುತ್ತಾಳೆ. ಮಧ್ಯದಲ್ಲಿ ಅಷ್ಟು ವರ್ಷ ಬಿಟ್ಟವಳನ್ನು ಯಾರು ಕರೆಯುತ್ತಾರೆ ಎಂಬುದು ನನ್ನ ಧೈರ್ಯ. ಇಂಟರ್ವ್ಯೂ ಅಭ್ಯಾಸ ಆಗುತ್ತದೆ, ಮುಂದೆಂದಾದರೂ ಉಪಯೋಗಕ್ಕೆ ಬರುತ್ತದೆ ಎಂದೆ. ಅವಳು ಆಯ್ತು ಎಂದಳು.

ಅವಳ ಅರ್ಜಿ ತುಂಬಿದವನೂ ನಾನೇ. ಫೋನ್ ನಂಬರ್ ಕೇಳಿದ ಜಾಗದಲ್ಲಿ ಅದರಲ್ಲೂ ನನ್ನ ನಂಬರನ್ನೇ ಹಾಕಿದೆ. ಇದರಲ್ಲಿ ಕಪಟವೇನೂ ಇರಲಿಲ್ಲ. ನಮ್ಮಲ್ಲಿ ಹೆಂಗಸರ ಹೆಸರಿನಲ್ಲಿರುವ ಎಲ್ಲದಕ್ಕೂ ಗಂಡಸರ ನಂಬರೇ. ಗ್ಯಾಸ್ ಸಿಲಿಂಡರ್ ಅವಳ ಹೆಸರಿನಲ್ಲಿದೆ, ಮೆಸೇಜ್ ನನಗೆ ಬರುತ್ತದೆ. ಅವಳ ಬ್ಯಾಂಕಿನ ಓಟಿಪಿ ನನಗೆ ಬರುತ್ತದೆ. ಹಬ್ಬಕ್ಕೆ ಹೊಸ ಸೀರೆ ಬಂದಿವೆ ಮೇಡಂ ಎಂದು ಬಟ್ಟೆ ಅಂಗಡಿಯವರು ನನಗೆ ತಿಳಿಸುತ್ತಾರೆ. ಮಗಳ ಶಾಲೆಯ ಗ್ರೂಪಿನಲ್ಲಿ ‘ಡಿಯರ್ ಮದರ್ಸ್’ ಎಂದು ಬಂದದ್ದನ್ನು ಓದುವವನೂ ನಾನೇ. ಇಷ್ಟು ವರ್ಷಗಳಲ್ಲಿ ಅದರಿಂದ ಯಾವ ಅನಾಹುತವೂ ಆಗಿರಲಿಲ್ಲ.

ಇಬ್ಬರಿಗೂ ಕರೆ ಬಂತು. ಮಗಳು ಹೋಂವರ್ಕಿಗೆ ಕೂತಾಗ ಅಡುಗೆಮನೆಯಲ್ಲಿ ನಾನು ಅವಳಿಗೆ ಪಾಠ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಅವು ಒಳ್ಳೆಯ ದಿನಗಳು. ಅವಳು ಚಪಾತಿ ಲಟ್ಟಿಸುತ್ತ ಕೇಳುತ್ತಿದ್ದಳು, ನಾನು ಗುರುಗಳ ಹಾಗೆ ಓಡಾಡಿಕೊಂಡು ಹೇಳುತ್ತಿದ್ದೆ. ಒಂದು ದಿನ ಇಡ್ಲಿ ತಟ್ಟೆ ತೆಗೆದುಕೊಂಡು, ಇದೇ ಅಚ್ಚು ಅಂದುಕೋ ಎಂದು ಮೇಲೆ ಕೆಳಗೆ ತಿರುಗಿಸಿ ತೋರಿಸಿದೆ. ಎರಕದಲ್ಲಿ ತೂತು ಕಂಡರೆ ಬಾಯಿಗೆ ಬಂದ ಕಾರಣ ಹೇಳಬಾರದು, ಸುರಿಯುವಾಗ ಇದರ ಯಾವ ಮುಖ ಮೇಲಿತ್ತು ಎಂದು ಮೊದಲು ಕೇಳಬೇಕು, ಗಾಳಿ, ಕಸ ಎಲ್ಲ ಮೇಲಕ್ಕೇ ಏರುತ್ತವೆ, ಅದು ಗೊತ್ತಾದರೆ ಅರ್ಧ ಗೊತ್ತಾದ ಹಾಗೆ ಎಂದೆ. ಅವಳು ತಲೆಯಾಡಿಸಿದಳು. ತಟ್ಟೆ ಕೆಳಗಿಡಿ, ಹಿಟ್ಟು ಹಾಕಬೇಕು ಎಂದಳು.

ಇಂಟರ್ವ್ಯೂ ದಿನ ಒಂದೇ ಸ್ಕೂಟರಿನಲ್ಲಿ ಹೋದೆವು. ನನ್ನನ್ನು ಮೊದಲು ಕರೆದರು. ಒಳಗೆ ಮೂವರು ಕೂತಿದ್ದರು. ಮೇಜಿನ ಮೇಲೆ ಅಡ್ಡ ಕೊಯ್ದ ಒಂದು ಎರಕದ ತುಂಡು. ನಡುವೆ ಬೆರಳು ತೂರುವಷ್ಟು ತೂತು. ಇದು ಯಾಕಾಗಿದೆ ಎಂದು ಕೇಳಿದರು. ನಾನು ಅಂಥ ತೂತುಗಳನ್ನು ನೋಡಿಯೇ ಬದುಕಿದವನು. ತಡ ಮಾಡದೆ ಕಾರಣ ಹೇಳಿದೆ, ಅದಕ್ಕೆ ಇನ್ನೂ ಎರಡು ಕಾರಣ ಸೇರಿಸಿದೆ, ನಮ್ಮ ಫೌಂಡ್ರಿಯ ಮೂರು ಉದಾಹರಣೆ ಕೊಟ್ಟೆ. ಅವರು ತಲೆಯಾಡಿಸುತ್ತಲೇ ಇದ್ದರು. ಒಬ್ಬರು ಏನೋ ಬರೆದುಕೊಂಡರು ಕೂಡ. ಗೆದ್ದೆ ಎಂದುಕೊಂಡು ಹೊರಗೆ ಬಂದೆ. ಅವಳು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಪಾಪ, ಹಿಡಿದು ರುಬ್ಬುತ್ತಿದ್ದಾರೆ ಎಂದು ಮರುಗಿದೆ. ಬಂದ ಮೇಲೆ ಹೇಗಾಯಿತು ಎಂದು ಕೇಳಿದರೆ, ಪರವಾಗಿಲ್ಲ ಎಂದಷ್ಟೇ ಹೇಳಿ ಹೆಲ್ಮೆಟ್ ಹಾಕಿಕೊಂಡಳು. ಮನೆಗೆ ಬರುವ ದಾರಿಯಲ್ಲಿ ನಾನೇ ಮಾತಾಡಿದೆ.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಫೋನ್ ಬಂತು. ಕಂಪನಿಯಿಂದ ಒಬ್ಬ ಹುಡುಗಿ ಮಾತಾಡಿದಳು. ಮೆಥಡ್ಸ್ ಎಂಜಿನಿಯರ್ ಪೋಸ್ಟಿಗೆ ಸೆಲೆಕ್ಷನ್ ಆಗಿದೆ, ಸೋಮವಾರ ಬೆಳಿಗ್ಗೆ ಒರಿಜಿನಲ್ ಸರ್ಟಿಫಿಕೇಟ್ ಬೇಕು, ಮಿಕ್ಕ ವಿವರಕ್ಕೆ ಸಂಜೆ ಮತ್ತೆ ಫೋನ್ ಮಾಡುತ್ತೇವೆ ಎಂದಳು. ಯಾರಿಗೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳುವುದೇನಿತ್ತು? ನನ್ನ ಫೋನು, ನನ್ನ ಕಿವಿ, ನಾನು ವರ್ಷಗಟ್ಟಲೆ ಆಸೆಪಟ್ಟ ಕೆಲಸ.

ಆ ಮಧ್ಯಾಹ್ನ ನಾನು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ನೇರ ಮಾಲೀಕರ ಕೋಣೆಗೆ ಹೋಗಿ, ಬೇರೆ ಕಡೆ ಸಿಕ್ಕಿದೆ, ಬಿಡುತ್ತೇನೆ ಎಂದೆ. ಅವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಸಂತೋಷದಿಂದ ಎದ್ದು ಕೈ ಕುಲುಕಿದರು. ಅದು ಸ್ವಲ್ಪ ಚುಚ್ಚಿತು. ಆಮೇಲೆ ಭದ್ರಾವತಿಗೆ, ಮಾವನಿಗೆ ಫೋನ್ ಮಾಡಿದೆ. ಮಾವ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಇಬ್ಬರು ಹೆಣ್ಣುಮಕ್ಕಳ ತಂದೆ. ತನ್ನ ನಂತರ ಮನೆಯಿಂದ ದೊಡ್ಡ ಕಾರ್ಖಾನೆಗೆ ಇನ್ನೊಬ್ಬರು ಹೋಗಬೇಕು ಎಂಬ ಆಸೆ ಅವರದ್ದು. ಅಳಿಯನ ಸಣ್ಣ ಫೌಂಡ್ರಿಯನ್ನು ಅವರು ಯಾವತ್ತೂ ಕಾರ್ಖಾನೆ ಎಂದು ಕರೆದವರಲ್ಲ. ‘ಒಳ್ಳೇದಾಯ್ತು ಬಿಡಿ’ ಎಂದರು, ಭಾನುವಾರ ಊಟಕ್ಕೆ ಬರಲೇಬೇಕು ಎಂದರು. ಹೆಂಡತಿಗೆ ಮಾತ್ರ ಫೋನಿನಲ್ಲಿ ಹೇಳಲಿಲ್ಲ. ಎದುರಿಗೇ ಹೇಳಬೇಕು ಎಂದು ದಾರಿಯಲ್ಲದಿದ್ದರೂ ಸವಳಂಗ ರಸ್ತೆಗೆ ಗಾಡಿ ತಿರುಗಿಸಿ, ನನಗೆ ಇಷ್ಟವಾದ ಅಂಗಡಿಯಲ್ಲಿ ಮೈಸೂರು ಪಾಕ್ ಕಟ್ಟಿಸಿಕೊಂಡು ಮನೆಗೆ ಬಂದೆ.

ವಿಷಯ ಕೇಳಿ ಹೆಂಡತಿಗೆ ನಿಜವಾಗಿಯೂ ಸಂತೋಷವಾಯಿತು. ಅವಳೂ ಅದೇ ಕೆಲಸಕ್ಕೆ ಹೋಗಿ ಬಂದವಳಲ್ಲವೇ, ಮುಖದಲ್ಲಿ ಒಂದು ಚೂರಾದರೂ ಹೊಟ್ಟೆಕಿಚ್ಚು ಕಾಣುತ್ತದೇನೋ ಎಂದು ಹುಡುಕಿದೆ. ಕಾಣಲಿಲ್ಲ. ಅದು ಅವಳ ದೊಡ್ಡ ಮನಸ್ಸು ಎಂದು ನನಗಾಗ ಹೊಳೆಯಲಿಲ್ಲ. ಅವಳಿಗೆ ಆಸೆಯೇ ಇರಲಿಲ್ಲ, ಅದಕ್ಕೇ ಎಂದುಕೊಂಡೆ.

ಕಾಫಿ ಕುಡಿಯುತ್ತ ಕೂತಾಗ ಕಂಪನಿಯ ಫೋನ್ ಬಂತು. ಅಮ್ಮನೂ ಕೇಳಲಿ ಎಂದು ನಾನು ಅದನ್ನು ಸ್ಪೀಕರಿಗೆ ಹಾಕಿದೆ. ಹೌದು, ನಾನೇ, ಕೈಯಾರೆ.

‘ಸರ್, ಮೇಡಂ ಕಂಪನಿ ಬಸ್ಸಿಗೆ ಯಾವ ಸ್ಟಾಪಲ್ಲಿ ಹತ್ತುತ್ತಾರೆ?’ ಎಂದಳು ಹುಡುಗಿ.

‘ಯಾವ ಮೇಡಂ?’ ಎಂದೆ.

ಅವಳು ನನ್ನ ಹೆಂಡತಿಯ ಹೆಸರನ್ನು, ಇನಿಷಿಯಲ್ ಸಮೇತ, ಬಿಡಿಸಿ ಬಿಡಿಸಿ ಹೇಳಿದಳು. ನನ್ನದೇನಾಯಿತು ಎಂದು ಕೇಳಿದೆ. ನಿಮಗೆ ಮೇಲ್ ಕಳಿಸಿದ್ದೇವೆ ಸರ್ ಎಂದಳು, ಬಹಳ ಮರ್ಯಾದೆಯಿಂದ. ನಾನು ಮೇಲ್ ತೆಗೆದು ನೋಡಿದೆ. ಮಧ್ಯಾಹ್ನವೇ ಬಂದು ಕೂತಿತ್ತು. ವಿಷಾದಿಸುತ್ತೇವೆ ಎಂಬ ಮಾಮೂಲಿ ಮಾತು. ಅಮ್ಮನ ಬಾಯಲ್ಲಿ ಮೈಸೂರು ಪಾಕ್ ಅರ್ಧ ಕರಗಿತ್ತು. ಮಿಕ್ಕರ್ಧ ನುಂಗುವುದೋ ಉಗಿಯುವುದೋ ತಿಳಿಯದೆ ಅವರು ಸುಮ್ಮನೆ ಕೂತರು. ಹೆಂಡತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಸ್ಪೀಕರ್ ಆರಿಸಿ, ಒಳಗೆ ಹೋಗಿ ಮಾತಾಡಿದಳು. ಆಚೆ ಬಂದು, ಭಾನುವಾರ ಸಂಜೆಯೊಳಗೆ ಹೇಳಬೇಕಂತೆ, ಇಲ್ಲದಿದ್ದರೆ ಬೇರೆಯವರನ್ನು ಕರೀತಾರಂತೆ ಎಂದಳು.

ಅಮ್ಮ ಆಗ ಹೇಳಿದ ಮಾತನ್ನು ಆಮೇಲೆ ಎರಡು ದಿನ ನಾನು ಬೇರೆ ಬೇರೆ ಬಾಯಲ್ಲಿ ಕೇಳಿದೆ. ‘ಅಯ್ಯೋ ಅದಕ್ಕೇನೀಗ, ಇಬ್ರಲ್ಲಿ ಒಬ್ರಿಗೆ ಸಿಕ್ತಲ್ಲ. ಕೆಲಸ ಮನೆಗೇ ಬಂತು’ ಎಂದರು ಅಮ್ಮ.

ಮನೆಗೆ ಬಂತಂತೆ. ಅದೇನು ಹೊಸ ಫ್ರಿಜ್ಜೇ, ಯಾರ ಹೆಸರಿನಲ್ಲಿ ಬಂದರೂ ಎಲ್ಲರೂ ತಣ್ಣೀರು ಕುಡಿಯುವುದಕ್ಕೆ? ಆ ಕುರ್ಚಿಯ ಮೇಲೆ ಕೂರುವುದು ಒಬ್ಬರೇ. ಆ ಪರದೆಯ ಮೇಲೆ ಕಬ್ಬಿಣ ಹರಿಯುವುದನ್ನು ನೋಡುವುದು ಒಬ್ಬರೇ. ಬೇರೆ ಯಾವ ಊರಿನವನಿಗೋ ಸಿಕ್ಕಿದ್ದರೆ ನಾಲ್ಕು ದಿನ ನೊಂದು ಮರೆಯುತ್ತಿದ್ದೆ. ಇದು ಪ್ರತಿದಿನ ಸಂಜೆ ಐಡಿ ಕಾರ್ಡ್ ನೇತಾಡಿಸಿಕೊಂಡು ನನ್ನ ಮನೆಯ ಮೆಟ್ಟಿಲನ್ನೇ ಹತ್ತಿ ಬರುತ್ತದೆ.

ಅವಳು ಪಾತ್ರೆ ತೊಳೆಯುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವಳೇ ಹೇಳಿದಳು.

‘ನೀವು ಹೋಗು ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಬೇಡ. ಆದ್ರೆ ಬಾಯಿಬಿಟ್ಟು ಹೇಳ್ಬೇಕು ರೀ. ಮುಖ ಊದಿಸ್ಕೊಂಡು ಕೂತ್ರೆ ಅದನ್ನ ನಾನು ಬೇಡ ಅಂತ ತಿಳ್ಕೊಳಲ್ಲ, ಹೋಗು ಅಂತಾನೂ ತಿಳ್ಕೊಳಲ್ಲ.’

ನಾನು ಆಸೆಪಟ್ಟದ್ದು ಇದನ್ನಲ್ಲ. ಅವಳಾಗಿಯೇ, ಮಗಳು ಚಿಕ್ಕವಳು, ಅತ್ತೆಗೆ ಮಂಡಿ ನೋವು, ಈ ಕೆಲಸ ಯಾಕೆ ಬಿಡಿ ಎಂದುಬಿಡಲಿ. ನಾನು, ಛೆ ಛೆ, ಯೋಚನೆ ಮಾಡು ಎಂದು ಎರಡು ಸಲ ಒತ್ತಾಯ ಮಾಡಿ ಒಪ್ಪಿಕೊಳ್ಳುವುದು ಎಂದು ನನ್ನ ಲೆಕ್ಕ. ಅವಳು ನನಗೆ ಆ ದಾರಿ ಬಿಡಲಿಲ್ಲ. ಬೇಡ ಎನ್ನಬೇಕಾದರೆ ನಾನೇ, ನನ್ನ ಬಾಯಿಂದಲೇ ಅನ್ನಬೇಕಿತ್ತು. ಹೋಗು ಎನ್ನುವುದಕ್ಕೂ ಅದೇ ಬಾಯಿ ಬೇಕಿತ್ತು. ಎರಡೂ ಆಗದೆ ಟೀವಿ ಹಾಕಿಕೊಂಡು ಕೂತೆ.

ಶನಿವಾರ ಫೌಂಡ್ರಿಗೆ ಹೋಗಿ ಮಾಲೀಕರ ಮುಂದೆ ನಿಂತೆ. ನಿನ್ನೆ ಬಿಡುತ್ತೇನೆ ಎಂದದ್ದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಕೇಳಿ, ನಗು ತಡೆದುಕೊಂಡು, ಇರು ಮಾರಾಯ, ನಿನ್ನನ್ನು ಯಾರು ಹೋಗು ಅಂದರು ಎಂದರು. ಅಲ್ಲಿಗೇ ನಿಲ್ಲಿಸಿದ್ದರೆ ಅವರ ಋಣ ಮರೆಯುತ್ತಿರಲಿಲ್ಲ. ಹೆಂಡತಿಗೆ ಸಿಕ್ಕಿದರೂ ನಿನಗೆ ಸಿಕ್ಕಿದ ಹಾಗೇ ಅಲ್ಲವಾ ಎಂದು ಸೇರಿಸಿದರು. ಆ ದಿನ ನಾನು ಬಹಳ ಎರಕಗಳಿಗೆ ಕೆಂಪು ಗುರುತು ಹಾಕಿದೆ. ಕೆಲವಕ್ಕೆ ಹಾಕುವ ಅಗತ್ಯ ಇರಲಿಲ್ಲವೇನೋ.

ಮನೆಗೆ ಬಂದವನು ಬಟ್ಟೆ ಕೂಡ ಬದಲಾಯಿಸದೆ ಅವಳನ್ನು ವಿಚಾರಣೆಗೆ ಕೂರಿಸಿಕೊಂಡೆ. ಮಗಳನ್ನು ಶಾಲೆಯಿಂದ ಕರೆತರುವವರು ಯಾರು ಎಂದೆ. ಆಟೊದವನನ್ನು ಮಾತಾಡಿಸಿ ಆಗಿತ್ತು. ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು? ಶನಿವಾರ ಸಂಜೆಗೆ ಇಟ್ಟುಕೊಂಡರಾಯಿತು ಎಂದು ಅಮ್ಮನೇ ಹೇಳಿದ್ದರಂತೆ. ಟ್ಯೂಷನ್ ಹುಡುಗರು? ಭಾನುವಾರ ಬರುತ್ತಾರಂತೆ. ಬೇಡ ಅಂದರೆ ಬೇಡ ಎಂದವಳು ಒಂದೇ ಹಗಲಿನಲ್ಲಿ ಎಲ್ಲವನ್ನೂ ಹೊಂದಿಸಿಟ್ಟಿದ್ದಳು. ಆಸೆ ಇಲ್ಲದವರು ಹೀಗೆ ಹೊಂದಿಸುವುದಿಲ್ಲ. ಅವಳಿಗೂ ಅದು ಬೇಕಾಗಿತ್ತು, ನನ್ನಷ್ಟೇ ಬೇಕಾಗಿತ್ತು, ಇಷ್ಟು ವರ್ಷ ಒಂದು ಮಾತೂ ಆಡದೆ ಬೇಕಾಗಿತ್ತು. ಅದು ತಿಳಿದ ಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲ.

‘ಹೆಂಗಸರು ಒಬ್ರಾದ್ರೂ ಇರ್ಲಿ ಅಂತ ಇರುತ್ತೆ ಈಗ ಕಂಪನಿಗಳಿಗೆ’ ಎಂದೆ.

‘ಇರ್ಬೋದು. ಅವತ್ತು ನಾವು ಐದು ಜನ ಹೆಂಗಸರು ಇದ್ವಿ’ ಎಂದಳು ಅವಳು.

ಅವರು ನಿನಗೇನು ಕೇಳಿದರು ಎಂದೆ. ನಿಮಗೆ ಕೇಳಿದ್ದನ್ನೇ ಎಂದಳು. ಅದೇ ಕೊಯ್ದ ತುಂಡು, ಅದೇ ತೂತು. ನೀನೇನು ಹೇಳಿದೆ? ಮೊದಲಿಗೆ ಏನೂ ಹೇಳಲಿಲ್ಲವಂತೆ. ತುಂಡನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಸುರಿಯುವಾಗ ಇದರ ಯಾವ ಮುಖ ಮೇಲಿತ್ತು ಸರ್ ಎಂದು ಕೇಳಿದಳಂತೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಬೆಳಿಗ್ಗೆಯಿಂದ ಅದನ್ನು ಯಾರೂ ಕೇಳಿರಲಿಲ್ಲ ಎಂದರಂತೆ. ಆಮೇಲೆ ಕಾಗದ ಕೊಟ್ಟು, ನೀವಾದರೆ ಹೇಗೆ ಸುರಿಯುತ್ತಿದ್ದಿರಿ ಎಂದು ಚಿತ್ರ ಬರೆಸಿದರಂತೆ. ಅದಕ್ಕೇ ಅಷ್ಟು ಹೊತ್ತು.

ಅದು ನನ್ನ ಪ್ರಶ್ನೆ. ನನ್ನ ಅಡುಗೆಮನೆಯಲ್ಲಿ, ನನ್ನ ಕೈಯಲ್ಲಿ ಇಡ್ಲಿ ತಟ್ಟೆ ಹಿಡಿದು, ನಾನೇ ಹೇಳಿಕೊಟ್ಟ ಪ್ರಶ್ನೆ. ಅವಳಿಗೆ ಹೇಳಿಕೊಟ್ಟವನು ಆ ಕೋಣೆಯೊಳಗೆ ಹೋದ ಕೂಡಲೇ ಮರೆತು, ಬಾಯಿಗೆ ಬಂದ ಕಾರಣವನ್ನೆಲ್ಲ ಸುರಿದು ಬಂದಿದ್ದೆ. ಅವಳು ಕದ್ದಳು ಎನ್ನಲಾಗುವುದಿಲ್ಲ, ನಾನೇ ಕೊಟ್ಟದ್ದು. ಮೋಸ ಎನ್ನಲಾಗುವುದಿಲ್ಲ, ಅವಳು ಮಾಡಿದ್ದೇ ಸರಿ. ಬೈಯಲು ಒಂದು ನೆವ ಸಿಕ್ಕಿದ್ದರೂ ಆ ಸಂಜೆ ಅಷ್ಟು ಸಂಕಟ ಆಗುತ್ತಿರಲಿಲ್ಲ. ‘ನೀವು ಹೇಳಿಕೊಟ್ಟಿದ್ದೇ ಕೈ ಹಿಡೀತು’ ಎಂದು ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅದು ಇನ್ನೂ ಉರಿಯಿತು.

ಭಾನುವಾರ ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಇಬ್ಬರೇ ಭದ್ರಾವತಿಗೆ ಹೊರಟೆವು. ಮಾವನಿಗೆ ಇನ್ನೂ ನಿಜ ತಿಳಿಸಿರಲಿಲ್ಲ. ತಿಳಿಸು ಎಂದು ಅವಳಿಗೆ ಹೇಳಿದರೆ, ಅಪ್ಪಾಜಿಗೆ ಹೇಳಿದವರು ನೀವು, ಅದನ್ನು ತಿದ್ದುವವರೂ ನೀವೇ ಎಂದುಬಿಟ್ಟಿದ್ದಳು. ಹೋದ ಕೂಡಲೇ, ಚಪ್ಪಲಿ ಬಿಡುವಾಗಲೇ ಹೇಳಿಬಿಡುವುದು ಎಂದು ನಿಶ್ಚಯ ಮಾಡಿಕೊಂಡೆ. ಕಂಪನಿಯ ಕಾಂಪೌಂಡ್ ಬಂದಾಗ ನಾನು ಆ ಕಡೆ ನೋಡಲಿಲ್ಲ. ಅವಳು ನೋಡಿದಳೋ ಇಲ್ಲವೋ ಗೊತ್ತಿಲ್ಲ, ಹಿಂದೆ ಕೂತಿದ್ದಳು.

ಚಪ್ಪಲಿ ಬಿಡುವಾಗಲೇ ಮಾವ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅವರು ಪೂಜೆ ಮುಗಿಸಿ ಆಗಷ್ಟೇ ಎದ್ದಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಕುರ್ಚಿಯಲ್ಲಿ ಕೂರಿಸಿ, ಹೊಸ ಶಾಲು ಹೊದಿಸಿ, ಹಾರ ಹಾಕಿದರು. ಅವರ ಜೊತೆ ಕಾರ್ಖಾನೆಯಲ್ಲಿ ದುಡಿದ ಪಕ್ಕದ ಮನೆಯ ತಮಿಳು ಹಿರಿಯರು ಬಂದು ಕೂತಿದ್ದರು. ಅಳಿಯ ಎನ್ನುವುದಕ್ಕೆ ಅವರು ತಮ್ಮ ಭಾಷೆಯಲ್ಲಿ ಮಾಪ್ಳೆ ಎನ್ನುತ್ತಾರೆ. ನಮ್ಮ ಮಾಪ್ಳೆ ದೊಡ್ಡ ಜಾಗಕ್ಕೆ ಹೋದರು ಎಂದು ನನ್ನ ಎರಡೂ ಕೈ ಹಿಡಿದು ಅಲುಗಿಸಿದರು. ಅತ್ತೆ ಆರತಿ ತಂದರು. ಆರತಿ ತಟ್ಟೆಯ ಮುಂದೆ ಕೂತವನು, ತಡೆಯಿರಿ, ಇದು ನನಗಲ್ಲ ಎನ್ನುವುದು ಹೇಗೆ? ಊಟ ಆಗಲಿ ಎಂದುಕೊಂಡೆ.

ಊಟಕ್ಕೆ ಕೂತಾಗ ಮಾವ, ಇಂಟರ್ವ್ಯೂನಲ್ಲಿ ಏನು ಕೇಳಿದರು ಎಂದು ಕೇಳಿದರು. ನಾನು ಹೇಳತೊಡಗಿದೆ. ಒಂದು ತುಂಡು ಕೊಟ್ಟರು, ಒಳಗೆ ತೂತಿತ್ತು ಎಂದೆ. ಹೂಂ, ಎಂದರು ಮಾವ. ಹಿರಿಯರೂ ಮುಂದಕ್ಕೆ ಬಾಗಿದರು. ಆಮೇಲೆ ನನ್ನ ಬಾಯಿಂದ ಬಂದದ್ದು ನನ್ನ ಉತ್ತರವಲ್ಲ, ಅವಳದ್ದು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದೆ, ಯಾವ ಮುಖ ಮೇಲಿತ್ತು ಎಂದು ಅವರನ್ನೇ ಕೇಳಿದೆ ಎಂದೆ. ಮಾವನ ಕಣ್ಣು ಅರಳಿತು. ಕಬ್ಬಿಣದ ಜೊತೆ ಆಯುಷ್ಯ ಕಳೆದವರು ಅವರು; ಆ ಪ್ರಶ್ನೆಯ ಬೆಲೆ ಅವರಿಗೆ ಗೊತ್ತು. ತೊಡೆ ತಟ್ಟಿಕೊಂಡು ಪಕ್ಕದವರ ಕಡೆ ತಿರುಗಿದರು.

ತಲೆಯೆತ್ತಿದರೆ ಅವಳು ಹೋಳಿಗೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಂದು ನನ್ನ ಎಲೆಗೆ ಹೋಳಿಗೆ ಹಾಕಿ, ತುಪ್ಪ ಬಿಟ್ಟು, ಅಪ್ಪನ ಎಲೆಯ ಕಡೆ ಹೋದಳು. ಮುಖದಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯ ಇರಲಿಲ್ಲ. ಇದೂ ಬೇಕಾದರೆ ಇಟ್ಟುಕೊಳ್ಳಿ ಎನ್ನುವ ಹಾಗೆ ಇತ್ತು. ನಾನು ಬೇಡ ಎಂದುಬಿಟ್ಟರೆ ಅವಳು ಸಾಯುವ ತನಕ ಬಾಯಿಬಿಡದೆ ಇದ್ದುಬಿಡುತ್ತಾಳೆ ಎಂದು ನನಗೆ ಆಗ ಗೊತ್ತಾಯಿತು. ಕೆಲಸದಲ್ಲಿ ನನಗಿಂತ ಮೇಲು, ಸರಿ. ಬಿಟ್ಟುಕೊಡುವುದರಲ್ಲೂ ನನಗಿಂತ ಮೇಲಾಗಲು ಹೊರಟಿದ್ದಳು. ಅದೊಂದನ್ನು ನಾನು ತಡೆದುಕೊಳ್ಳಲಾರದೆ ಹೋದೆ. ಒಳ್ಳೆಯತನದಿಂದ ಮಾತಾಡಿದೆ ಎಂದು ಯಾರೂ ತಿಳಿಯಬಾರದು, ಹೊಟ್ಟೆಕಿಚ್ಚಿನಿಂದಲೇ ಮಾತಾಡಿದೆ.

‘ಮಾವ, ಕೆಲಸ ಸಿಕ್ಕಿರೋದು ನನಗಲ್ಲ. ಇವಳಿಗೆ. ಆ ಪ್ರಶ್ನೆ ಕೇಳಿದ್ದೂ ಇವಳೇ.’

ಅತ್ತೆ ಸೌಟು ಹಿಡಿದು ಹಾಗೇ ನಿಂತರು. ಮಾವ ಮಗಳನ್ನು ನೋಡಿ, ಹೌದಾ ಎಂದರು. ಅವಳು ತಲೆಯಾಡಿಸಿದಳು. ನಾನು ಎಡಗೈಯಲ್ಲಿ ಶಾಲು ತೆಗೆದು ಮಡಿಸಿ ಪಕ್ಕಕ್ಕಿಟ್ಟೆ. ಇರಲಿ ಇರಲಿ ಎಂದರು ಮಾವ, ನನ್ನ ಕಡೆ ನೋಡದೆಯೇ. ಆಮೇಲೆ ನನ್ನ ಕಡೆ ತಿರುಗಿದರು. ಆ ಹೊತ್ತಿಗೆ ಅವರ ದನಿ ಬಹಳ ಸಣ್ಣದಾಗಿತ್ತು.

‘ಹೋಗು ಅಂದಿದೀರಾ ನೀವು?’

ಮಗಳನ್ನು ಅಷ್ಟು ಓದಿಸಿದ ಮನುಷ್ಯ, ಮಗಳದ್ದೇ ಕೆಲಸದ ವಿಷಯ ಅಳಿಯನನ್ನು ಕೇಳುತ್ತಿದ್ದರು. ಅವರ ಕೈ ಎಲೆಯ ಮೇಲೇ ನಿಂತಿತ್ತು. ಇಲ್ಲ ಎಂದಿದ್ದರೆ ಅವರು ಸರಿ ಎಂದು ಅನ್ನ ಕಲಸಿಕೊಳ್ಳುತ್ತಿದ್ದರು, ಅದೂ ನನಗೆ ಗೊತ್ತು. ಅವಳು ಹೋಳಿಗೆ ತಟ್ಟೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

‘ಅಂದಿದೀನಿ’ ಎಂದೆ.

ಶುದ್ಧ ಸುಳ್ಳು. ಎರಡು ದಿನ ನನ್ನ ಬಾಯಿಂದ ಹೊರಡದೇ ಇದ್ದ ಮಾತೇ ಅದು. ಆದರೆ ನಾಲ್ಕು ಜನರ ಮುಂದೆ ಆಡಿದ ಮೇಲೆ ಅದು ನಿಜವಾಯಿತು, ಹಿಂದೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಊಟದ ನಂತರ ಮಾವ ಹೊರಗೆ ಹೋದರು. ಎದುರು ಮನೆಯವರು ಬಟ್ಟೆ ಒಣಹಾಕುತ್ತಿದ್ದರು. ಶುಕ್ರವಾರ ಅವರಿಗೆ ಅಳಿಯನ ವಿಷಯ ಹೇಳಿದ್ದರಂತೆ. ಈಗ ಗೇಟಿನ ಹತ್ತಿರ ನಿಂತು, ‘ನನ್ ಮಗಳಿಗೆ ರೀ, ನನ್ ಮಗಳಿಗೆ’ ಎಂದು ಹೇಳುತ್ತಿದ್ದದ್ದು ನಡುಮನೆಯಲ್ಲಿ ಕೂತ ನನಗೆ ಕೇಳುತ್ತಿತ್ತು. ನನಗೆ ಸಿಕ್ಕಿದೆ ಎಂದಾಗ ಅವರು ಒಳ್ಳೇದಾಯ್ತು ಬಿಡಿ ಎಂದದ್ದು ಬೇರೆ ದನಿ. ಇದು ಬೇರೆ. ನನ್ನ ಬಗ್ಗೆ ಯಾರಾದರೂ ಯಾವತ್ತಾದರೂ ಇಂಥ ದನಿಯಲ್ಲಿ ಹೇಳಿದ್ದಾರೆಯೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಯಾವುದೂ ನೆನಪಿಗೆ ಬರಲಿಲ್ಲ. ಕೆಲಸಕ್ಕಿಂತ ಹೆಚ್ಚಾಗಿ ಆ ದನಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ವಾಪಸ್ ಬರುವಾಗ ಅವಳು ಗಾಡಿ ನಿಲ್ಲಿಸಲು ಹೇಳಿ, ಇಳಿದು, ರಸ್ತೆ ಪಕ್ಕದ ಮರದ ಕೆಳಗೆ ನಿಂತು ಕಂಪನಿಗೆ ಫೋನ್ ಮಾಡಲು ನನ್ನ ಫೋನ್ ಕೇಳಿದಳು. ಮಾಡುವ ಮುನ್ನ ನನ್ನ ಮುಖ ನೋಡಿದಳು.

‘ಅಪ್ಪಾಜಿ ಮುಂದೆ ಅಂದ್ರೋ, ನಿಜವಾಗ್ಲೂ ಅಂದ್ರೋ?’

‘ಹೊಟ್ಟೆ ಉರೀತಿದೆ. ಆದ್ರೂ ಹೋಗು’ ಎಂದೆ.

‘ಉರೀತಿರೋದು ಗೊತ್ತು’ ಎಂದಳು. ನಗಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನಂಬರ್ ಒತ್ತಿ, ಸೋಮವಾರ ಬರ್ತೀನಿ ಎಂದು ಹೇಳಿ, ಫೋನ್ ವಾಪಸ್ ಕೊಟ್ಟು ಹಿಂದೆ ಕೂತಳು.

ಸೋಮವಾರ ಬೆಳಿಗ್ಗೆ ನಾನೇ ಅವಳನ್ನು ಕಂಪನಿಯ ಗೇಟಿಗೆ ಬಿಟ್ಟೆ. ಇಸ್ತ್ರಿ ಮಾಡಿದ ಚೂಡಿದಾರ ಹಾಕಿದ್ದಳು, ಸರ್ಟಿಫಿಕೇಟುಗಳ ಫೈಲು ಎದೆಗೆ ಒತ್ತಿ ಹಿಡಿದಿದ್ದಳು. ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟು, ಕೂದಲು ಸರಿಮಾಡಿಕೊಂಡು, ಬರ್ತೀನಿ ರೀ ಎಂದಳು. ಕಾವಲಿನವನು ಅವಳಿಗೆ ಚಿಕ್ಕ ಗೇಟು ತೆಗೆದು, ನನಗೆ ಗಾಡಿಯನ್ನು ಆಚೆ ನಿಲ್ಲಿಸಲು ಹೇಳಿದ. ನಿಲ್ಲಿಸಿದೆ. ಗೇಟಿನಿಂದ ಆಫೀಸಿನ ಕಟ್ಟಡದವರೆಗೆ ಒಳಗೆ ಉದ್ದನೆಯ ಸಿಮೆಂಟ್ ರಸ್ತೆ. ಫೌಂಡ್ರಿಗೆ ಹೊತ್ತಾಗುತ್ತಿತ್ತು, ಆದರೂ ಸರಳುಗಳ ಸಂದಿಯಿಂದ ನೋಡುತ್ತ ನಿಂತೆ. ಮೊದಲು ನಿಧಾನವಾಗಿ ನಡೆಯುತ್ತಿದ್ದವಳು ಆಮೇಲೆ ಬೇಗ ಬೇಗ ಹೆಜ್ಜೆ ಹಾಕಿದಳು. ಒಂದು ಸಲ ತಿರುಗಿ ನೋಡುತ್ತಾಳೆ ಎಂದು ಕಾದೆ. ಕೈ ಬೀಸಲು ಹೆಲ್ಮೆಟ್ಟನ್ನು ಎಡಗೈಗೆ ಬದಲಾಯಿಸಿಕೊಂಡೂ ಆಗಿತ್ತು. ಅವಳು ತಿರುಗಲಿಲ್ಲ, ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

ನಾನಾಗಿದ್ದರೂ ತಿರುಗಿ ನೋಡುತ್ತಿರಲಿಲ್ಲ.